ತಕ್ಕಡಿಗೆ ಹಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ ಸ್ವಾಮೀ!

ಶಾಲೆಗಳು ಸ್ಟೋರ್ ರೂಮು ಖಾಲಿ ಮಾಡಲು ಹೊರಟವೆಂದರೆ ಗುಜರಿ ಅಂಗಡಿಯವರಿಗೆ ಸುಗ್ಗಿ. ಕಾಲು ಮುರಿದ ಬೆಂಚು, ತುಕ್ಕು ಹಿಡಿದ ಬೀರು, ಕಣ್ಣು ಹೋದ ಟೀವಿ... ಎಲ್ಲಕ್ಕೂ ಒಂದೇ ತಕ್ಕಡಿ. ಆ ರಾಶಿಯ ತಳದಲ್ಲಿ ಒಮ್ಮೊಮ್ಮೆ ಬಿಸ್ಕತ್ ಬಣ್ಣದ, ಟೈಪ್‌ರೈಟರಿನಂಥ ಒಂದು ಡಬ್ಬ ಸಿಗುತ್ತದೆ. ಕರೀ ಕೀಲಿಗಳು, ಮೇಲಿನ ಸಾಲಿನಲ್ಲಿ ಕೆಂಪು ಕೀಲಿಗಳು. ಅದನ್ನೂ ಪ್ಲಾಸ್ಟಿಕ್ ಲೆಕ್ಕದಲ್ಲೇ ತೂಗಿ ಬಿಸಾಕುತ್ತಾರೆ. ದುಡ್ಡಿನ ಲೆಕ್ಕದಲ್ಲೂ ಇದು ತಪ್ಪು, ಬುದ್ಧಿಯ ಲೆಕ್ಕದಲ್ಲೂ ತಪ್ಪು.

ಆ ಡಬ್ಬದ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಮನೆ-ಶಾಲೆ ಕಂಪ್ಯೂಟರು. ಅಲ್ಲಿನ ಜನಕ್ಕೆ ಕಂಪ್ಯೂಟರ್ ಕಲಿಸಲು ಬಿಬಿಸಿ ಟೀವಿ ಹಾಕಿಕೊಂಡ ಯೋಜನೆಗಾಗಿ ಹುಟ್ಟಿದ್ದು. ಹದಿನೈದು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ನಮಗೂ ಅದಕ್ಕೂ ಏನು ನಂಟು?

ಇಂಗ್ಲೆಂಡಿನ ಡಬ್ಬ ನಮ್ಮ ಗುಜರಿಗೆ ಹೇಗೆ ಬಂತು ಅಂತ ಕೇಳಬಹುದು. 1984ರಲ್ಲಿ ಕೇಂದ್ರ ಸರ್ಕಾರ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಅಕ್ಷರಾಭ್ಯಾಸ ಮಾಡಿಸಲು 'ಕ್ಲಾಸ್' ಎಂಬ ಯೋಜನೆ ತಂದಿತು. ಮೊದಲ ಸುತ್ತಿನಲ್ಲಿ ದೇಶದ ಸುಮಾರು 250 ಶಾಲೆ. ಆಮೇಲೆ ಸಾವಿರಾರು ಶಾಲೆಗಳಿಗೆ ಹಬ್ಬಿತು. ಅದಕ್ಕೆ ಆರಿಸಿದ್ದು ಇದೇ ಬಿಬಿಸಿ ಮೈಕ್ರೋ. ಮೊಹಾಲಿಯ ಸರ್ಕಾರಿ ಕಾರ್ಖಾನೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಏಕಾರ್ನ್‌ನಿಂದ ಲೈಸೆನ್ಸ್ ಪಡೆದು ಇದನ್ನೇ 'ಯೂನಿಕಾರ್ನ್' ಅಂತ ತಯಾರಿಸಿತು.

ಯಂತ್ರ ಬಂತು. ಕಲಿಸೋರು? ರಿಪೇರಿ ಮಾಡೋರು? ಅದೇ ಕಥೆ! ಎಷ್ಟೋ ಕಡೆ ಧೂಳು ಬೀಳಬಾರದು ಅಂತ ಬಟ್ಟೆ ಹೊದಿಸಿ, ಬೀಗ ಹಾಕಿ, ದೇವರ ಹಾಗೆ ಕೂರಿಸಿದರು. ಒಮ್ಮೆ ಕೆಟ್ಟಿತು, ಮೂಲೆ ಸೇರಿತು, ಈಗ ತಕ್ಕಡಿ ಏರುತ್ತಿದೆ.

ಇನ್ನೊಂದು ನಂಟು ಎಲ್ಲರ ಜೇಬಿನಲ್ಲೇ ಇದೆ. ಅದೇ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ ಆರ್ಮ್ ಎಂಬ ಚಿಪ್ಪಿನ ವಿನ್ಯಾಸ ಮಾಡಿದರು. 1985ರ ಏಪ್ರಿಲ್‌ನಲ್ಲಿ ಮೊದಲ ಚಿಪ್ಪನ್ನು ಜೋಡಿಸಿ ಪರೀಕ್ಷೆ ಮಾಡಿದ್ದು ಇದೇ ಬಿಬಿಸಿ ಮೈಕ್ರೋಗೆ. ಇವತ್ತು ಬಸ್ಸಿನ ಕಿಟಕಿ ಪಕ್ಕ ಕೂತು ಮೊಬೈಲ್ ನೋಡುವವರ ಕೈಯಲ್ಲಿರುವುದು ಆ ಚಿಪ್ಪಿನ ಮೊಮ್ಮಕ್ಕಳೇ. ಅಜ್ಜಿಯನ್ನು ಕಿಲೋ ಲೆಕ್ಕದಲ್ಲಿ ಮಾರಿ, ಮೊಮ್ಮಗಳಿಗೆ ಕಂತಿನಲ್ಲಿ ಸಾಲ ಕಟ್ಟುತ್ತಿದ್ದೇವೆ!

ಹೊಗೆ ಬಂತು, ಜೀವವೂ ಬಂತು

ರಿಟೈರಾದ ವಿಜ್ಞಾನದ ಮೇಷ್ಟ್ರೊಬ್ಬರು ಇಂಥದ್ದೇ ಒಂದನ್ನು ಗುಜರಿಯಿಂದ 600 ರೂಪಾಯಿಗೆ ತಂದರು. ಮನೆಯಲ್ಲಿ ಪ್ಲಗ್ಗಿಗೆ ಹಾಕಿದರು. ಹತ್ತು ನಿಮಿಷ ಸುಮ್ಮನಿದ್ದ ಡಬ್ಬ ಆಮೇಲೆ 'ಫಟ್' ಎಂದು ಹೊಗೆ ಉಗುಳಿತು. ಮನೆಯೆಲ್ಲಾ ಸುಟ್ಟ ಮೀನಿನ ವಾಸನೆ. ಮನೆಯವರು ಬೈದರು. ಮೇಷ್ಟ್ರು ಡಬ್ಬವನ್ನು ಬಸ್‌ಸ್ಟ್ಯಾಂಡ್ ಹಿಂದಿನ ಹಳೇ ರೇಡಿಯೋ ರಿಪೇರಿ ಅಂಗಡಿಗೆ ಹೊತ್ತರು.

"ಏನಪ್ಪಾ, ಸತ್ತೇ ಹೋಯ್ತಾ?"

"ಇಲ್ಲ ಬಿಡಿ ಮೇಷ್ಟ್ರೇ, ಹೊಗೆ ಬಂದಿದ್ದೇ ಒಳ್ಳೇದಾಯ್ತು. ಎಲ್ಲಿ ಹುಡುಕಬೇಕು ಅಂತ ಅದೇ ಹೇಳ್ತು."

ಮೆಕ್ಯಾನಿಕ್ ಹೇಳಿದ್ದು ಸರಿ. ಈ ಯಂತ್ರದ ಪವರ್ ಸಪ್ಲೈನಲ್ಲಿ ಕರೆಂಟು ಒಳಬರುವ ಜಾಗದಲ್ಲೇ ಕಾಗದ ಸುತ್ತಿದ ಎರಡು ಫಿಲ್ಟರ್ ಕಂಡೆನ್ಸರ್ ಇರುತ್ತವೆ. ವರ್ಷಗಳು ಕಳೆದಂತೆ ಅವುಗಳ ಪಾರದರ್ಶಕ ಹೊದಿಕೆ ಬಿರುಕು ಬಿಟ್ಟು ತೇವ ಕುಡಿಯುತ್ತದೆ. 230 ವೋಲ್ಟ್ ತಾಗಿದರೆ ಸಿಡಿಯಬಹುದು. ಹೊಗೆ ಭಯಂಕರ, ಖರ್ಚು ಕ್ಷುಲ್ಲಕ. ಆದರೆ ಆ ಜಾಗಕ್ಕೆ ಸಿಕ್ಕಿದ ಕಂಡೆನ್ಸರ್ ಹಾಕುವಂತಿಲ್ಲ. ನೇರ ಮೇನ್ಸ್ ತಡೆಯುವ ಎಕ್ಸ್-2 ದರ್ಜೆಯದೇ ಆಗಬೇಕು. ಸ್ವಿಚ್ ಆರಿಸಿದ ಮೇಲೂ ಒಳಗಿನ ದೊಡ್ಡ ಕಂಡೆನ್ಸರ್ 300 ವೋಲ್ಟಿಗೂ ಮೇಲೆ ಹಿಡಿದಿಟ್ಟುಕೊಂಡಿರಬಹುದು. ಗೊತ್ತಿಲ್ಲದವರು ಪವರ್ ಸಪ್ಲೈ ಬಿಚ್ಚಿ ಬೆರಳು ಇಟ್ಟರೆ ಅಷ್ಟೇ ಕಥೆ.

ಕಂಡೆನ್ಸರ್ ಬದಲಾಯಿತು. ಸೀರೀಸ್ ಬಲ್ಬಿನಲ್ಲಿ ಕೊಟ್ಟು ನೋಡಿದ್ದಾಯಿತು. 5 ವೋಲ್ಟ್ ಸರಿಯಾಗಿ ಬಂತು. ಆದರೂ ಡಬ್ಬ 'ಬೂ...' ಎಂದು ಒಂದೇ ಸಮನೆ ಊದುತ್ತಿತ್ತು. ಸರಿಯಿರುವ ಯಂತ್ರ 'ಬೂ' ಅಂದು, ಹಿಂದೆಯೇ 'ಬೀಪ್' ಎನ್ನಬೇಕು. ಬೀಪ್ ಬರಲಿಲ್ಲ ಎಂದರೆ ಮೆದುಳು ಎದ್ದಿಲ್ಲ ಎಂದರ್ಥ.

ಇಲ್ಲಿ ಬೇರೆಯವರಾಗಿದ್ದರೆ ಬೋರ್ಡೇ ಬದಲಿಸಿ ಎನ್ನುತ್ತಿದ್ದರು. ಮೆಕ್ಯಾನಿಕ್ ಹಾಗೆನ್ನಲಿಲ್ಲ. ಮುಖ್ಯ ಐಸಿಗಳು ಹಲವು ಬೇಸ್ ಮೇಲೆ ಕೂತಿರುವುದನ್ನು ನೋಡಿದರು. ಒಂದೊಂದಾಗಿ ಎಬ್ಬಿಸಿ, ಕಪ್ಪಾದ ಕಾಲುಗಳನ್ನು ಒರೆಸಿ, ಯಾವುದು ಎಲ್ಲಿತ್ತೋ ಅಲ್ಲೇ ಒತ್ತಿ ಕೂರಿಸಿದರು. ಸ್ವಿಚ್ ಹಾಕಿದರು. ಬೂ... ಬೀಪ್! ಟೀವಿಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಅಕ್ಷರ ಮೂಡಿತು. ಹಿಡಿದುಕೊಂಡಿದ್ದ ನಾಲ್ಕು ಕೀಲಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದದ್ದೇ ಕೊನೆಯ ಕೆಲಸ.

ಏನು ಪ್ರಯೋಜನ ಎನ್ನುವವರಿಗೆ

"32ಕೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?" ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಲೆಕ್ಕವಿದೆ. ಮೊಬೈಲಿನ ಒಂದು ಫೋಟೋ 3 ಎಂಬಿ ಇದ್ದರೆ ಅದನ್ನು ಹಿಡಿಸಲು ಇಂಥ ಯಂತ್ರ ಸುಮಾರು ನೂರು ಬೇಕು! ಅಂಗಡಿ ಲೆಕ್ಕ ಬರೆಯಲು ಇದನ್ನು ತನ್ನಿ ಎಂದು ಯಾರೂ ಹೇಳುತ್ತಿಲ್ಲ.

ಇದು ಕಲಿಯಲು. ಈಗಿನ ಮೊಬೈಲ್ ಬಿಚ್ಚಿದರೆ ಕಣ್ಣಿಗೆ ಏನೂ ಕಾಣದು. ಎಲ್ಲವೂ ಅಂಟು, ಎಲ್ಲವೂ ಸೂಕ್ಷ್ಮ. ಈ ಡಬ್ಬ ಬಿಚ್ಚಿದರೆ ಇದು ಮೆದುಳು, ಇದು ನೆನಪು, ಇದು ಟೀವಿಗೆ ಚಿತ್ರ ಕಳಿಸುವ ಭಾಗ ಅಂತ ಬೆರಳಿಟ್ಟು ತೋರಿಸಬಹುದು. ಸೆಕೆಂಡಿಗೆ ಇಪ್ಪತ್ತು ಲಕ್ಷ ಬಡಿತದ 6502 ಪ್ರೊಸೆಸರು ಏನು ಮಾಡುತ್ತದೆ ಅಂತ ಐಟಿಐ ಹುಡುಗ ಒಂದು ವಾರದಲ್ಲಿ ತಿಳಿಯಬಹುದು. ಸರ್ಕ್ಯೂಟ್ ನಕ್ಷೆ ಮೊಬೈಲಿನಲ್ಲೇ ಸಿಗುತ್ತದೆ. ನಕ್ಷೆ ಓದುವ ಕಣ್ಣು ಮಾತ್ರ ಸಿಗುತ್ತಿಲ್ಲ. ಆ ಕಣ್ಣಿರುವ ಮೆಕ್ಯಾನಿಕ್‌ಗಳ ಅಂಗಡಿಗಳು ಒಂದೊಂದಾಗಿ ಶಟರ್ ಎಳೆಯುತ್ತಿವೆ. ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ ಬರುತ್ತಿದೆ. ಡಬ್ಬ ಹೋದರೆ ಒಂದು ಡಬ್ಬ ಹೋಯಿತು. ವಿದ್ಯೆ ಹೋದರೆ ತರೋದು ಎಲ್ಲಿಂದ?

ಎಲ್ಲಾ ಡಬ್ಬವೂ ಬದುಕುವುದಿಲ್ಲ, ನಿಜ. ಈ ಯಂತ್ರಕ್ಕೆಂದೇ ಮಾಡಿಸಿದ ಯುಎಲ್‌ಎ ಚಿಪ್ಪು ಸತ್ತಿದ್ದರೆ ಇನ್ನೊಂದು ಯಂತ್ರದಿಂದ ಕಿತ್ತು ತರಬೇಕಾಗಬಹುದು. ಹಳೇದು ಅಂದಾಕ್ಷಣ ಬಂಗಾರ ಅಂತ ಬಾಯಿಗೆ ಬಂದ ರೇಟು ಹೇಳುವವರೂ ಹುಟ್ಟಿಕೊಂಡಿದ್ದಾರೆ. ಕೊಳ್ಳುವವರು ಕಂಡೆನ್ಸರ್ ಬದಲಿಸದೆ ಕರೆಂಟು ಕೊಡಬಾರದು, ಬೋರ್ಡ್ ನೋಡದೆ ದುಡ್ಡು ಕೊಡಬಾರದು. ಇಷ್ಟು ಎಚ್ಚರ ಸಾಕು.

ಆಗಬೇಕಾದ್ದು ಇಷ್ಟೇ

ಸ್ಟೋರ್ ರೂಮು ಖಾಲಿ ಮಾಡುವ ಮುಂಚೆ ಹೆಡ್‌ಮಾಸ್ತರರು ಸ್ಟಾಕ್ ರಿಜಿಸ್ಟರ್ ತೆಗೆದು ಹಳೇ ಕಂಪ್ಯೂಟರುಗಳ ಪಟ್ಟಿ ಮಾಡಲಿ. ಇಲಾಖೆಯವರು ಅವನ್ನು ಬೆಂಚು-ಬೀರುಗಳ ಜತೆ ಹರಾಜಿಗೆ ಹಾಕದೆ ಹತ್ತಿರದ ಐಟಿಐಗೋ ಪಾಲಿಟೆಕ್ನಿಕ್‌ಗೋ ಕೊಡಲಿ. ಐಟಿಐನವರು ವಾರಕ್ಕೊಂದು ದಿನ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಸಂಭಾವನೆ ಕೊಟ್ಟು, ಹುಡುಗರ ಮುಂದೆ ಬಿಚ್ಚಿಸಲಿ. ರಿಪೇರಿ ಆಗದ್ದು ಗುಜರಿಗಲ್ಲ, ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಆಶಯವೂ ಅದೇ.

ಗುಜರಿ ಅಂಗಡಿಯ ಅಣ್ಣಂದಿರಿಗೂ ಒಂದು ಮಾತು. ಕೆಂಪು ಕೀಲಿಯ ಡಬ್ಬ ಬಂದರೆ ಸುತ್ತಿಗೆ ಎತ್ತಬೇಡಿ, ಪಕ್ಕಕ್ಕಿಡಿ. ಪ್ಲಾಸ್ಟಿಕ್ ರೇಟಿಗಿಂತ ನಾಲ್ಕು ಕಾಸು ಹೆಚ್ಚೇ ಸಿಕ್ಕೀತು.

ನಲವತ್ತು ವರ್ಷದ ಹಿಂದೆ ಸರ್ಕಾರ ಯಂತ್ರ ಕೊಟ್ಟು ವಿದ್ಯೆ ಕೊಡುವುದನ್ನು ಮರೆಯಿತು. ಈಗ ವಿದ್ಯೆ ಬಲ್ಲವರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ, ಯಂತ್ರವೂ ಅಲ್ಲೊಂದು ಇಲ್ಲೊಂದು ಇದೆ. ಇವೆರಡನ್ನೂ ಒಂದೇ ಮೇಜಿನ ಮೇಲೆ ತರುವುದಕ್ಕೆ ದೊಡ್ಡ ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು. ಶಿಕ್ಷಣ ಇಲಾಖೆಯವರು ಇತ್ತ ಗಮನ ಹರಿಸುವರೇ?