ರೇಸ್ ಮೈದಾನ ಯಾರದು?

ಚಾಮುಂಡಿ ಬೆಟ್ಟದ ಬುಡದಲ್ಲಿ, ಕಾರಂಜಿ ಕೆರೆಗೆ ಹತ್ತಿರದಲ್ಲಿ, ನೂರು ಎಕರೆಗೂ ಮಿಕ್ಕ ಸರ್ಕಾರಿ ನೆಲ ಬೇಲಿಯೊಳಗಿದೆ. ಅದೇ ಮೈಸೂರಿನ ರೇಸ್ ಕೋರ್ಸು. ಕ್ಲಬ್ಬಿಗೆ ಕೊಟ್ಟಿದ್ದ ಗುತ್ತಿಗೆ 2016ರಲ್ಲಿಯೇ ಮುಗಿಯಿತು. ನೆಲವನ್ನು ಹಿಂದಕ್ಕೆ ಪಡೆಯುವ ಮಾತು ಎದ್ದಿತು. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ವಕೀಲರ ವಾದ ಹೇಗೇ ಇರಲಿ, ಊರಿನ ಜನ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ನೆಲ ಯಾರದು? ಮುಂದೆ ಯಾರದಾಗಬೇಕು?

ಮೈಸೂರಿನಲ್ಲಿ ರೇಸು ಮೊದಲಾದದ್ದು 1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ. ಈಗಿನ ಮೈದಾನಕ್ಕೆ ಅದು ಬಂದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ, 1916ರಲ್ಲಿ ವಿಶ್ವವಿದ್ಯಾನಿಲಯ ಬಂದದ್ದೂ ಅದೇ ಆಳ್ವಿಕೆಯಲ್ಲಿಯೇ. ಕಾರ್ಖಾನೆ ಅನ್ನ ಕೊಟ್ಟಿತು, ವಿಶ್ವವಿದ್ಯಾನಿಲಯ ವಿದ್ಯೆ ಕೊಟ್ಟಿತು. ರೇಸು ಕೊಟ್ಟದ್ದೇನು? ದೊರೆಗಳಿಗೆ ಮೋಜು, ಬಡವನಿಗೆ ಸಾಲ. ಅರಸೊತ್ತಿಗೆ ಹೋಯಿತು, ಮೋಜು ಹೋಗಲಿಲ್ಲ. 1952ರಲ್ಲಿ ಪ್ರಜಾ ಸರ್ಕಾರವೇ ರೇಸ್ ಕೋರ್ಸುಗಳಿಗೆ ಲೈಸೆನ್ಸು ಕೊಡುವ ಕಾಯಿದೆ ತಂದು, ತನ್ನ ಮೊಹರು ಒತ್ತಿತು.

ಈ ಆಟದ ಲೆಕ್ಕ ಸರಳವಾದದ್ದು. ಬಾಜಿ ಕಟ್ಟಿದವರೆಲ್ಲರ ಹಣ ಒಂದು ರಾಶಿಯಾಗುತ್ತದೆ. ಅದರಲ್ಲಿ ಸರ್ಕಾರದ ತೆರಿಗೆ ಮೊದಲು, ಕ್ಲಬ್ಬಿನ ಪಾಲು ಆಮೇಲೆ. ಮಿಕ್ಕದ್ದು ಮಾತ್ರ ಗೆದ್ದವರಿಗೆ. ಹಾಕಿದಷ್ಟು ಹಣ ಬಾಜಿ ಕಟ್ಟಿದವರಿಗೆ ಒಟ್ಟಾರೆಯಾಗಿ ಎಂದೂ ಹಿಂದಿರುಗುವುದಿಲ್ಲ. ಕುದುರೆ ಯಾವುದೇ ಗೆಲ್ಲಲಿ, ಸರ್ಕಾರ ಮತ್ತು ಕ್ಲಬ್ಬು ಸೋಲುವುದಿಲ್ಲ. ಬಟವಾಡೆಯ ದಿನ ಟಿಪ್ಸು ಹಿಡಿದು ಹೊರಟ ಕಾರ್ಮಿಕ, ಗಲ್ಲಾಪೆಟ್ಟಿಗೆಯ ಹಣವನ್ನು ಕುದುರೆ ಬಾಲಕ್ಕೆ ಕಟ್ಟಿದ ಅಂಗಡಿಯವ, ಇಬ್ಬರೂ ಈ ಲೆಕ್ಕವನ್ನು ಮನೆಯ ಒಲೆಯ ಮುಂದೆ ಕಲಿಯುತ್ತಾರೆ. ಕುದುರೆ ರೇಸು ಜೂಜಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆಗಲಿ, ಒಪ್ಪೋಣ. ಕೌಶಲ ಕುದುರೆಯದು, ಜಾಕಿಯದು. ಜೇಬು ಮಾತ್ರ ನಮ್ಮದು!

ನೆರೆಯ ತಮಿಳುನಾಡಿನಿಂದ ನಾವು ಕಲಿಯಬೇಕಾದ್ದು ಎರಡಿದೆ. ಗಿರಣಿಗಳ ಊರಾದ ಕೊಯಮತ್ತೂರಿನಲ್ಲಿ ಬ್ರಿಟಿಷರ ಕಾಲದ ರೇಸು ಎಂದೋ ನಿಂತುಹೋಯಿತು. ರೇಸ್ ಕೋರ್ಸ್ ಎಂಬ ಹೆಸರು ಮಾತ್ರ ಉಳಿದು, ಆ ಬಡಾವಣೆ ಸಿರಿವಂತರ ವಾಸಸ್ಥಾನವಾಯಿತು. ಕುದುರೆ ಹೋದ ಮಾತ್ರಕ್ಕೆ ನೆಲ ಬಡವನ ಪಾಲಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಪಾಠ ಈಚಿನದು. 2024ರಲ್ಲಿ ಆ ಸರ್ಕಾರ, ಗುತ್ತಿಗೆ ಹಣ ಕೋಟಿಗಟ್ಟಲೆ ಬಾಕಿ ಇದೆಯೆಂದು ಊಟಿಯ ರೇಸ್ ಕೋರ್ಸಿನ 52 ಎಕರೆಯನ್ನೂ ಚೆನ್ನೈ ಗಿಂಡಿಯ 160 ಎಕರೆಯನ್ನೂ ವಶಕ್ಕೆ ತೆಗೆದುಕೊಂಡು, ಉದ್ಯಾನ, ಕೆರೆಗಳ ಯೋಜನೆ ಮುಂದಿಟ್ಟಿತು. ಕ್ಲಬ್ಬು ಎಷ್ಟೇ ಹಳೆಯದಾಗಿರಲಿ, ಸರ್ಕಾರ ಮನಸ್ಸು ಮಾಡಿದರೆ ಕೈಹಾಕಬಲ್ಲದು.

ಆದುದರಿಂದ ಮೈಸೂರಿನ ಮಟ್ಟಿಗೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಮೊದಲನೆಯದಾಗಿ, ಆ ನೆಲದ ಒಂದು ಗುಂಟೆಯನ್ನೂ ಮಾರಕೂಡದು. ಹೋಟೆಲು, ಮಾಲು, ಬಹುಮಹಡಿ ಕಟ್ಟಡಗಳ ವ್ಯಾಪಾರಿಗಳು ಹೊಂಚುಹಾಕದೆ ಇರಲಾರರು. ಜೂಜುಕೋರನ ಕೈಯಿಂದ ತೆಗೆದು ಭೂಗಳ್ಳನ ಕೈಗೆ ಕೊಡುವುದು ಸುಧಾರಣೆಯಲ್ಲ. ಎರಡನೆಯದಾಗಿ, ಬೆಟ್ಟಕ್ಕೂ ಊರಿಗೂ ನಡುವೆ ಇರುವ ಆ ಬಯಲು ಬಯಲಾಗಿಯೇ ಉಳಿಯಲಿ. ಮಕ್ಕಳು ಆಡಲಿ, ಮುದುಕರು ತಿರುಗಾಡಲಿ, ಬಾಗಿಲಲ್ಲಿ ಟಿಕೆಟು ಬೇಡ. ಮೂರನೆಯದಾಗಿ, ಲಾಯದಲ್ಲಿ ಹಗಲಿರುಳು ಕುದುರೆ ತಿಕ್ಕಿ, ಮೇವು ಹಾಕಿ, ಸಗಣಿ ಎತ್ತುವ ದುಡಿಮೆಗಾರರನ್ನು ಬೀದಿಗೆ ತಳ್ಳಕೂಡದು. ಅವರು ಜೂಜಾಡಿದವರಲ್ಲ, ಕೂಲಿ ಮಾಡಿದವರು. ಬೀಗ ಹಾಕುವ ಮುನ್ನ ಅವರಿಗೆ ಬೇರೆ ಕೆಲಸ ಸಿಗಬೇಕು. ಇದನ್ನು ಮರೆತು ರೇಸಿನ ವಿರುದ್ಧ ಭಾಷಣ ಬಿಗಿಯುವುದು ಪ್ರಾಮಾಣಿಕವಲ್ಲ.

ತೆರಿಗೆಯ ಆಸೆಯಿಂದ ಸರ್ಕಾರಗಳು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತ ಕಾಲ ಸಾಕಷ್ಟಾಯಿತು. ನ್ಯಾಯಾಲಯವು ಗುತ್ತಿಗೆಯ ಹಕ್ಕನ್ನು ತೀರ್ಮಾನಿಸಬಹುದು. ನೆಲದ ಉಪಯೋಗವನ್ನು ತೀರ್ಮಾನಿಸಬೇಕಾದವರು ಜನ. ಆ ತೀರ್ಮಾನ ವಿಧಾನಸೌಧದ ಮುಚ್ಚಿದ ಕೋಣೆಯಲ್ಲಿ ಆಗದಂತೆ ನೋಡಿಕೊಳ್ಳುವ ಹೊಣೆ ಊರಿನ ಸಂಘಗಳದು, ಅಂಗಡಿ ಬೀದಿಯದು, ಕಾರ್ಖಾನೆಯ ಗೇಟಿನದು. ಬೇಲಿ ತೆಗೆಯುವ ದಿನ ನಾವು ಅಲ್ಲಿ ಇರದಿದ್ದರೆ, ಮರುದಿನವೇ ಇನ್ನೊಬ್ಬ ಹೊಸ ಬೇಲಿ ಹಾಕುತ್ತಾನೆ.