ಬೈಕ್ ಸವಾರರಿಗೆ ಮನೆಯಲ್ಲೇ ಮಾಡಿದ 'ಬಿಸಿ ಜಾಕೆಟ್': ಫಾರ್ವರ್ಡ್ ವಿಡಿಯೊಗಳು ಹೇಳದ ಲೆಕ್ಕ

ಮಾಗಿ ಚಳಿ ಶುರುವಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊಗಳು ಓಡಾಡತೊಡಗುತ್ತವೆ. ಹಳೆಯ ಜಾಕೆಟ್‌ನ ಒಳಗೆ ತಂತಿ ಹೊಲಿದು, ಬೈಕ್ ಬ್ಯಾಟರಿಗೋ ಪವರ್ ಬ್ಯಾಂಕ್‌ಗೋ ಸಿಕ್ಕಿಸಿದರೆ 'ಕೆಲವೇ ನೂರು ರೂಪಾಯಿಯಲ್ಲಿ ಬಿಸಿ ಜಾಕೆಟ್ ರೆಡಿ' ಎನ್ನುವಂಥವು. ಲಡಾಖ್ ಪ್ರವಾಸಕ್ಕೆ ಹೊರಟವರು, ಬೆಳಗಿನ ಜಾವ ಹಾಲು, ಪೇಪರ್ ಹಾಕಲು ಹೋಗುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವವರು ಎಲ್ಲರಿಗೂ ಇದು ಆಕರ್ಷಕವಾಗಿ ಕಾಣುವುದು ಸಹಜ.

ಇದು ನಿಜಕ್ಕೂ ಸಾಧ್ಯವೇ? ಚುಟುಕಾಗಿ ಹೇಳುವುದಾದರೆ, ಸಾಧ್ಯ. ತಂತಿಯನ್ನು ಬಿಸಿ ಮಾಡುವುದು ಸುಲಭದ ಕೆಲಸ. ಕಷ್ಟವಿರುವುದು ಆ ಬಿಸಿಯನ್ನು ಹದದಲ್ಲಿ ಇಡುವುದರಲ್ಲಿ. ವಿಡಿಯೊಗಳು ಮೊದಲನೆಯದನ್ನು ತೋರಿಸಿ ಮುಗಿಸುತ್ತವೆ. ಎರಡನೆಯದನ್ನು ನಾವಿಲ್ಲಿ ನೋಡೋಣ.

ಬೈಕ್ ಮೇಲೆ ಅಷ್ಟೊಂದು ಚಳಿ ಏಕೆ?

ನಮ್ಮ ದೇಹದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರವೊಂದು ಸದಾ ಇರುತ್ತದೆ. ಬೈಕ್ ಓಡುವಾಗ ಎದುರುಗಾಳಿ ಆ ಪದರವನ್ನು ಕ್ಷಣಕ್ಷಣವೂ ಕಿತ್ತೊಯ್ಯುತ್ತದೆ. ಇದನ್ನು ಅಳೆಯಲು ಅಮೆರಿಕ ಮತ್ತು ಕೆನಡಾದ ಹವಾಮಾನ ಸಂಸ್ಥೆಗಳು 2001ರಿಂದ ಬಳಸುತ್ತಿರುವ 'ವಿಂಡ್ ಚಿಲ್' ಸೂತ್ರವಿದೆ. ಅದರ ಪ್ರಕಾರ ಹೊರಗೆ 10 ಡಿಗ್ರಿ ಸೆಲ್ಸಿಯಸ್ ಇದ್ದಾಗ 60 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಸುಮಾರು 5 ಡಿಗ್ರಿಯಷ್ಟು ಚಳಿ ಅನಿಸುತ್ತದೆ. ಹೊರಗೆ 5 ಡಿಗ್ರಿ ಇದ್ದರೆ ಮೈನಸ್ 2, ಸೊನ್ನೆ ಇದ್ದರೆ ಮೈನಸ್ 9. ಬೀದರ್, ವಿಜಯಪುರದ ಕಡೆ ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಹಿಮಾಲಯದ ಕಣಿವೆಗಳಲ್ಲಿ ಬೇಸಿಗೆಯಲ್ಲೂ ಸೊನ್ನೆಗೆ ಹತ್ತಿರವಾಗಬಹುದು.

ಇದು ಬರೀ ಸುಖದ ಪ್ರಶ್ನೆಯಲ್ಲ. ಎದೆ, ಹೊಟ್ಟೆಯ ಭಾಗ ತಣ್ಣಗಾದರೆ ದೇಹವು ಮುಖ್ಯ ಅಂಗಗಳನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತದ ಹರಿವನ್ನು ಕಡಿಮೆ ಮಾಡುತ್ತದೆ. ಬೆರಳು ಮರಗಟ್ಟುತ್ತವೆ, ಬ್ರೇಕ್ ಹಿಡಿಯುವುದು ತಡವಾಗುತ್ತದೆ. 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ ಬೈಕ್ 8 ಮೀಟರ್ ಮುಂದೆ ಹೋಗಿರುತ್ತದೆ. ದೇಹದ ಒಳಗಿನ ಉಷ್ಣಾಂಶವೇ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮಾತು ತೊದಲುತ್ತದೆ, ಯೋಚನೆ ಮಂಕಾಗುತ್ತದೆ.

ಪೇಪರ್ ಸುತ್ತಿಕೊಂಡರೆ ಬೆಚ್ಚಗಿರುತ್ತದೆಯೇ? ಒಂದು 'ಪೆಗ್' ಹಾಕಿದರೆ?

ಮೊದಲನೆಯದು ನಿಜ. ಸ್ವೆಟರ್ ಒಳಗೆ ಎದೆಗೆ ದಿನಪತ್ರಿಕೆ ಇಟ್ಟುಕೊಳ್ಳುವ ಹಳೆಯ ಉಪಾಯ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾಗದ ಗಾಳಿಯನ್ನು ತಡೆಯುತ್ತದೆ, ಹಾಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹಿಡಿದಿಡುತ್ತದೆ. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧಿಗಳು ಬೆಟ್ಟದಿಂದ ಇಳಿಯುವ ಮುನ್ನ ಅಂಗಿಯೊಳಗೆ ಪೇಪರ್ ತುರುಕಿಕೊಳ್ಳುತ್ತಿದ್ದದ್ದೂ ಇದಕ್ಕೇ. ಒದ್ದೆಯಾದರೆ ಮಾತ್ರ ಪ್ರಯೋಜನವಿಲ್ಲ.

ಎರಡನೆಯದು ಸುಳ್ಳು, ಅಪಾಯಕಾರಿ ಕೂಡ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ. ಆಗ ಆಗುತ್ತಿರುವುದು ಒಳಗಿನ ಶಾಖ ಹೊರಗೆ ಸೋರಿಹೋಗುವ ಕೆಲಸ. ಕುಡಿದು ಓಡಿಸುವ ಅಪಾಯವಂತೂ ಇದ್ದೇ ಇದೆ.

ಈ ಎರಡು ಮಾತುಗಳಿಂದ ಒಂದು ಪಾಠ ಸಿಗುತ್ತದೆ: ಶಾಖ ಹುಟ್ಟಿಸುವ ಮೊದಲು ಇರುವ ಶಾಖ ಸೋರದಂತೆ ನೋಡಿಕೊಳ್ಳಬೇಕು. ಗಾಳಿ ನುಗ್ಗದ ಹೊರಪದರ (ಮಳೆಗಾಲದ ರೈನ್‌ಕೋಟ್ ಆದರೂ ಸರಿ), ಒಳಗೊಂದು ಉಣ್ಣೆಯ ಸ್ವೆಟರ್, ಕುತ್ತಿಗೆಗೆ ಮಫ್ಲರ್, ಕೈಗೆ ಗ್ಲೌಸ್. ಕರ್ನಾಟಕದ ಬಹುಪಾಲು ಚಳಿಗೆ ಇಷ್ಟು ಸಾಕು.

ಬಿಸಿ ಬಟ್ಟೆ ಹೊಸ ಸಂಗತಿಯೇ?

ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಒಳಗೆ ಉಷ್ಣಾಂಶ ಮೈನಸ್ 40 ಡಿಗ್ರಿಗೂ ಇಳಿಯುತ್ತಿತ್ತು. ಸೈನಿಕರ ಬೆರಳುಗಳು ಹೆಪ್ಪುಗಟ್ಟುತ್ತಿದ್ದವು. ಅವರಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿ ಎಫ್-1 ಎಂಬ ವಿದ್ಯುತ್ ಉಡುಪು ಮಾಡಿಕೊಟ್ಟಿತು. ಅದರ ಭಾಗಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದ್ದರಿಂದ ಎಲ್ಲೋ ಒಂದು ಕಡೆ ತಂತಿ ತುಂಡಾದರೆ ಇಡೀ ಉಡುಪು ತಣ್ಣಗಾಗುತ್ತಿತ್ತು. ನಂತರದ ಮಾದರಿಗಳಲ್ಲಿ ಜೋಡಣೆಯನ್ನು ಬದಲಿಸಲಾಯಿತು.

ಬೈಕ್ ಸವಾರರ ಪಾಲಿಗೆ ಇದು ಬಂದದ್ದು 1970ರ ದಶಕದಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಯಂತ್ರಗಳ ವರ್ಕ್‌ಶಾಪ್ ನಡೆಸುತ್ತಿದ್ದ ಗಾರ್ಡನ್ ಗರ್ಬಿಂಗ್ ಅವರು ಬೈಕ್‌ನಲ್ಲಿ ಕೆಲಸಕ್ಕೆ ಬರುವವರಿಗಾಗಿ ಬಿಸಿ ಉಡುಪು ತಯಾರಿಸಿದರು. ಅದೇ ಮುಂದೆ ದೊಡ್ಡ ಉದ್ಯಮವಾಯಿತು. ಎಂದರೆ, ಕೈಯಿಂದ ಮಾಡಿಕೊಳ್ಳುವುದು ಮೂರ್ಖತನವೇನಲ್ಲ. ಆದರೆ ಯುದ್ಧಕಾಲದ ಎಂಜಿನಿಯರ್‌ಗಳೇ ತಂತಿ ತುಂಡಾಗುವ ಸಮಸ್ಯೆಗೆ ಸಿಕ್ಕಿಬಿದ್ದರು ಎನ್ನುವುದನ್ನು ಮರೆಯಬಾರದು.

'ಬಿಸಿ ಹೆಚ್ಚಾದರೆ ತಂತಿ ಕಡಿಮೆ ಮಾಡಿ': ಈ ಸಲಹೆ ಸರಿಯೇ?

ಖಂಡಿತ ತಪ್ಪು. ಮೈ ಸುಡುವ ಸಲಹೆ ಇದೇ.

ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಟೆಫ್ಲಾನ್ ಹೊದಿಕೆಯ, ಸುಮಾರು ಕಾಲು ಮಿಲಿಮೀಟರ್ ದಪ್ಪದ (ಅಮೆರಿಕನ್ ಗೇಜ್ 30) ತಾಮ್ರದ ತಂತಿ. ಇದರ ರೋಧ ಮೀಟರಿಗೆ ಸುಮಾರು 0.34 ಓಮ್. ಅಂದರೆ 15 ಮೀಟರ್ ಉದ್ದಕ್ಕೆ ಸುಮಾರು 5 ಓಮ್. ಓಡುವ ಬೈಕ್‌ನ 14 ವೋಲ್ಟ್ ಕೊಟ್ಟರೆ 2.8 ಆಂಪಿಯರ್ ಹರಿಯುತ್ತದೆ, ಸುಮಾರು 39 ವ್ಯಾಟ್ ಶಾಖ ಬರುತ್ತದೆ. ಪ್ರತಿ ಮೀಟರಿಗೆ 2.6 ವ್ಯಾಟ್. ಎದೆ, ಬೆನ್ನಿಗೆ ಹರಡಿದರೆ ಹಿತವಾದ ಬಿಸಿ.

ಈಗ ತಂತಿಯನ್ನು ಅರ್ಧ ಮಾಡಿ. ರೋಧ 2.5 ಓಮ್‌ಗೆ ಇಳಿಯುತ್ತದೆ, ಕರೆಂಟ್ 5.6 ಆಂಪಿಯರ್‌ಗೆ ಏರುತ್ತದೆ, ಶಾಖ ಸುಮಾರು 78 ವ್ಯಾಟ್ ಆಗುತ್ತದೆ. ಅದೂ ಅರ್ಧ ಉದ್ದದ ತಂತಿಯಲ್ಲಿ! ಹೀಗಾಗಿ ಪ್ರತಿ ಮೀಟರ್ ತಂತಿ ಮೊದಲಿಗಿಂತ ನಾಲ್ಕು ಪಟ್ಟು ಬಿಸಿಯಾಗುತ್ತದೆ. ಶಾಲೆಯಲ್ಲಿ ಓದಿದ ಓಮ್‌ನ ನಿಯಮವೇ ಇದು. ಬಿಸಿ ಕಡಿಮೆ ಬೇಕಾದರೆ ತಂತಿಯ ಉದ್ದ ಹೆಚ್ಚಿಸಬೇಕು.

'12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ' ಎನ್ನುತ್ತಾರಲ್ಲ?

ಇದು ಅರ್ಧಸತ್ಯ. 12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಬ್ಯಾಟರಿಯ ಎರಡು ತುದಿಗಳು ತಂತಿಯ ಮೂಲಕ ನೇರ ಸೇರಿಬಿಟ್ಟರೆ ಹತ್ತಾರು ಆಂಪಿಯರ್ ನುಗ್ಗಿ ತಂತಿ ಕೆಂಪಗೆ ಕಾಯಬಹುದು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿನ ಅಪಾಯ ಶಾಕ್ ಅಲ್ಲ, ಬೆಂಕಿ.

ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಇದ್ದರೆ ಶಾರ್ಟ್ ಆದಾಗ ಅದು ಸುಟ್ಟು ನಿಮ್ಮನ್ನು ಉಳಿಸುತ್ತದೆ. ಆದರೆ ಜಾಕೆಟ್ ನಿಧಾನವಾಗಿ ಅತಿಯಾಗಿ ಬಿಸಿಯಾಗುವುದನ್ನು ಫ್ಯೂಸ್ ಗುರುತಿಸುವುದಿಲ್ಲ. ಅದಕ್ಕೆ ಉಷ್ಣಾಂಶ ಮಿತಿ ಮೀರಿದರೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಬೇಕು. ಎರಡೂ ಇರಬೇಕು, ಒಂದು ಇನ್ನೊಂದರ ಬದಲಿಯಲ್ಲ.

ಹಿತವಾದ ಬಿಸಿಯೂ ಸುಡುತ್ತದೆಯೇ?

ಸುಡುತ್ತದೆ. ಚರ್ಮದ ಉಷ್ಣಾಂಶ 60 ಡಿಗ್ರಿ ಮುಟ್ಟಿದರೆ ಕೆಲವೇ ಸೆಕೆಂಡುಗಳಲ್ಲಿ ಸುಟ್ಟಗಾಯ. ಬರೀ 44 ಡಿಗ್ರಿಯಲ್ಲೂ ಸುಮಾರು 6 ಗಂಟೆ ಒಂದೇ ಕಡೆ ತಾಗಿದ್ದರೆ ಗಾಯವಾಗಬಹುದು ಎಂದು 1947ರಲ್ಲೇ ಪ್ರಕಟವಾದ ಸಂಶೋಧನೆ ತೋರಿಸಿದೆ. ದಿನವಿಡೀ ಬೈಕ್ ಓಡಿಸುವವರಿಗೆ 6 ಗಂಟೆ ದೊಡ್ಡ ಅವಧಿಯಲ್ಲ. ಚಳಿಗೆ ಮರಗಟ್ಟಿದ ಚರ್ಮಕ್ಕೆ ಬಿಸಿಯ ಅರಿವು ತಡವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಅರಿವೇ ಆಗದಿರಬಹುದು. ಅಂಥವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಒಂದು ವೇಳೆ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಅರಿಶಿನ ಹಚ್ಚಬೇಡಿ.

ನಿಮ್ಮ ಬೈಕ್ ಅಷ್ಟು ಕರೆಂಟ್ ಕೊಡುತ್ತದೆಯೇ?

ಸಣ್ಣ ಬೈಕ್‌ನ ಹ್ಯಾಲೊಜೆನ್ ಹೆಡ್‌ಲೈಟ್ ಸಾಮಾನ್ಯವಾಗಿ 35 ವ್ಯಾಟ್. ಅಂದರೆ 39 ವ್ಯಾಟ್‌ನ ಜಾಕೆಟ್ ಹಾಕುವುದು ಇನ್ನೊಂದು ಹೆಡ್‌ಲೈಟ್ ಸೇರಿಸಿದಂತೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತದೆ, ಆ ಲೆಕ್ಕವನ್ನೂ ಹಿಡಿಯಬೇಕು. 100-125 ಸಿಸಿ ಬೈಕ್‌ಗಳಲ್ಲಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ಗೆ ಈ ಹೆಚ್ಚುವರಿ ಹೊರೆ ಭಾರವಾಗಬಹುದು. ಕೊರತೆಯಾದದ್ದು ಬ್ಯಾಟರಿಯಿಂದ ಹೋಗುತ್ತದೆ. 4 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ ಒಂದೆರಡು ಗಂಟೆಯಲ್ಲೇ ಬರಿದಾಗಬಹುದು. ಬ್ಯಾಟರಿ ಪೂರ್ತಿ ಸತ್ತರೆ ಫ್ಯುಯೆಲ್ ಇಂಜೆಕ್ಷನ್ ಇರುವ ಈಗಿನ ಬೈಕ್‌ಗಳು ಸ್ಟಾರ್ಟ್ ಆಗಲು ತಕರಾರು ಮಾಡುತ್ತವೆ. ಜನವಿಲ್ಲದ ಘಾಟಿಯಲ್ಲಿ ಬಿಸಿ ಜಾಕೆಟ್ಟೂ ಇಲ್ಲ, ಬೈಕೂ ಇಲ್ಲ ಎಂಬ ಸ್ಥಿತಿ ಬರಬಾರದು.

ಪರೀಕ್ಷಿಸುವುದು ಸುಲಭ. ಎಂಜಿನ್ ಸಾಮಾನ್ಯ ಓಟದ ವೇಗದಲ್ಲಿರುವಾಗ, ಹೆಡ್‌ಲೈಟ್ ಮತ್ತು ಜಾಕೆಟ್ ಎರಡೂ ಆನ್ ಇರುವಾಗ, ಬ್ಯಾಟರಿಯ ತುದಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ. 13 ವೋಲ್ಟ್‌ಗಿಂತ ಮೇಲೆ ನಿಂತರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇಳಿಯುತ್ತಲೇ ಹೋದರೆ ನಿಮ್ಮ ಬೈಕ್‌ಗೆ ಇದು ಆಗಿಬರುವುದಿಲ್ಲ.

ಪವರ್ ಬ್ಯಾಂಕ್, ಹಳೆಯ ಎಲೆಕ್ಟ್ರಿಕ್ ಬ್ಲಾಂಕೆಟ್?

ಸಾಧಾರಣ ಪವರ್ ಬ್ಯಾಂಕ್ 5 ವೋಲ್ಟ್, 2 ಆಂಪಿಯರ್ ಕೊಡುತ್ತದೆ, ಅಂದರೆ 10 ವ್ಯಾಟ್. 10,000 ಎಂಎಎಚ್ ಇದ್ದರೂ ಸುಮಾರು 3 ಗಂಟೆ ಅಷ್ಟೆ. ಸಂಜೆ ವಾಕಿಂಗ್‌ಗೆ ಸರಿ, ಹೆದ್ದಾರಿಯ ಎದುರುಗಾಳಿಗೆ ಸಾಲದು. ಪವರ್ ಬ್ಯಾಂಕ್ ಬದಲು ಹಳೆಯ ಲ್ಯಾಪ್‌ಟಾಪ್‌ನಿಂದ ಕಿತ್ತ ಬಿಡಿ ಲಿಥಿಯಂ ಸೆಲ್‌ಗಳನ್ನು ಜೇಬಿನಲ್ಲಿಟ್ಟುಕೊಳ್ಳುವುದಂತೂ ಬೇಡವೇ ಬೇಡ. ಬಿದ್ದಾಗ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳಬಹುದು.

230 ವೋಲ್ಟ್‌ಗೆಂದು ಮಾಡಿದ 60 ವ್ಯಾಟ್‌ನ ಬ್ಲಾಂಕೆಟ್ ತಂತಿಯನ್ನು ಬೈಕ್ ಬ್ಯಾಟರಿಗೆ ಕೊಟ್ಟರೆ ಸಿಗುವುದು ಒಂದು ವ್ಯಾಟ್‌ನ ಐದನೇ ಒಂದು ಭಾಗಕ್ಕೂ ಕಡಿಮೆ. ಬಿಸಿಯಾಗಲಿಲ್ಲವೆಂದು ಇನ್ವರ್ಟರ್ ಸೇರಿಸಿದರೆ ಮೈಮೇಲೆ 230 ವೋಲ್ಟ್ ಹೊತ್ತು ಕೂತಂತೆ.

ಮಾಡಲೇಬೇಕೆಂದರೆ ಇವಿಷ್ಟು ನೆನಪಿಡಿ

- ಗ್ಲೌಸ್‌ನಿಂದ ಆರಂಭಿಸಬೇಡಿ, ತೋಳಿಲ್ಲದ ವೇಸ್ಟ್‌ಕೋಟ್ ಮಾಡಿ. ಎದೆ ಬೆಚ್ಚಗಿದ್ದರೆ ಬೆರಳಿಗೂ ರಕ್ತ ಹರಿಯುತ್ತದೆ.
- ದಪ್ಪ ಹತ್ತಿ ಬಟ್ಟೆಯನ್ನೇ ಬಳಸಿ. ತಂತಿ ಒಂದರ ಮೇಲೊಂದು ಬರದಂತೆ, ಸಮ ಅಂತರದಲ್ಲಿ ಹೊಲಿಯಿರಿ.
- ಮಡಚುವ ಜಾಗಗಳಾದ ಕಂಕುಳು, ಮೊಣಕೈಯಲ್ಲಿ ತಂತಿ ಬೇಡ. ಅಲ್ಲಿ ಎಳೆಗಳು ತುಂಡಾಗಿ, ಉಳಿದೆಳೆಗಳು ಅತಿಯಾಗಿ ಕಾಯುತ್ತವೆ.
- ಮನೆ ವೈರಿಂಗ್‌ನ ಪಿವಿಸಿ ತಂತಿ ಬೇಡ, ಬಿಸಿಗೆ ಅದರ ಹೊದಿಕೆ ಮೆತ್ತಗಾಗುತ್ತದೆ.
- ಚರ್ಮಕ್ಕೆ ನೇರ ತಾಗದಂತೆ ಒಳಗೊಂದು ಅಂಗಿ ಇರಲಿ.
- ಬೈಕ್‌ನಿಂದ ಇಳಿದಾಗ ಅಥವಾ ಬಿದ್ದಾಗ ತಾನಾಗಿ ಕಳಚಿಕೊಳ್ಳುವ ಪ್ಲಗ್ ಹಾಕಿ.
- ಮೊದಲ ಬಾರಿ ಮೈಮೇಲೆ ಧರಿಸಬೇಡಿ. ಹೊರಗೆ ಹರಡಿ, ಮೇಲೊಂದು ಕಂಬಳಿ ಹೊದಿಸಿ, ಪಕ್ಕದಲ್ಲೇ ಇದ್ದು ಒಂದು ಗಂಟೆ ಆನ್ ಮಾಡಿ ಉಷ್ಣಾಂಶ ಅಳೆಯಿರಿ.
- ಬ್ಯಾಟರಿಯ ಕಡೆಯ ಕೆಲಸವನ್ನು ಆಟೊ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಬೈಕ್‌ನ ವಾರಂಟಿ ನಿಯಮ ಓದಿಕೊಳ್ಳಿ.

ಇಷ್ಟರಲ್ಲಿ ಯಾವುದನ್ನಾದರೂ 'ಪರವಾಗಿಲ್ಲ, ಬಿಡು' ಎನಿಸಿದರೆ, ಸಿದ್ಧ ಜಾಕೆಟ್ ಕೊಳ್ಳುವುದು ಅಥವಾ ಇನ್ನೊಂದು ಸ್ವೆಟರ್ ಹಾಕಿಕೊಳ್ಳುವುದು ಲೇಸು. ನಡುಕ ನಿಲ್ಲದಿದ್ದರೆ ಗಾಡಿ ನಿಲ್ಲಿಸಿ, ಬಿಸಿ ಚಹಾ ಕುಡಿದು, ಮೈ ಬೆಚ್ಚಗಾದ ಮೇಲೆ ಹೊರಡಿ.

ಕೊನೆಯ ಮಾತು: ಮನೆಯಲ್ಲಿ ಬಿಸಿ ಜಾಕೆಟ್ ಮಾಡಬಹುದು ಎನ್ನುವುದು ನಿಜ. 'ತಂತಿ ಹೊಲಿದು ಸಿಕ್ಕಿಸಿದರೆ ಸಾಕು' ಎನ್ನುವುದು ಸುಳ್ಳು. ಅಂಥ ವಿಡಿಯೊ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಮೂರು ವಿಷಯ ನೋಡಿ: ತಂತಿಯ ಉದ್ದ ಹೇಳಿದ್ದಾರೆಯೇ? ಫ್ಯೂಸ್ ತೋರಿಸಿದ್ದಾರೆಯೇ? ಥರ್ಮೋಸ್ಟಾಟ್ ಇದೆಯೇ? ಮೂರರಲ್ಲಿ ಒಂದಿಲ್ಲದಿದ್ದರೂ ಆ ವಿಡಿಯೊ ನಿಮ್ಮಲ್ಲೇ ನಿಲ್ಲಲಿ.