ತೊದಲುವ ಮಕ್ಕಳ ಮನಸ್ಸು

ಎರಡು ವರ್ಷದ ಕೂಸು ತೊದಲಿದರೆ ತಾಯಿ ಹಿಗ್ಗುತ್ತಾಳೆ, ಕವಿ ಹಾಡುತ್ತಾನೆ. ಅದೇ ಮಗು ಹತ್ತನೆಯ ವಯಸ್ಸಿನಲ್ಲಿ ತೊದಲಿದರೆ ತರಗತಿಯೆಲ್ಲ ನಗುತ್ತದೆ. ಊರು ಅದಕ್ಕೆ ‘ಉಗ್ಗ’ನೆಂದೋ ‘ಮೂಗ’ನೆಂದೋ ಹೆಸರಿಡುತ್ತದೆ, ಹಡೆದವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ದಾಸಿಮಯ್ಯನ ಮುದನೂರು ನಮ್ಮ ಸುರಪುರದ ಸೀಮೆಯದೇ. ವಚನವೆಂದರೆ ಮಾತು. ಮಾತಿಗೆ ಇಷ್ಟು ಬೆಲೆ ಕೊಟ್ಟ ನೆಲದಲ್ಲಿ ಮಾತು ತಡೆಯುವ ಮಗುವಿನ ಪಾಡನ್ನು ಕುರಿತು ಚಿಂತಿಸಿದವರು ವಿರಳ.

ಉಗ್ಗು ಬುದ್ಧಿಯ ಕೊರತೆಯಲ್ಲ. ಸಾಮಾನ್ಯವಾಗಿ ಎರಡರಿಂದ ಐದು ವರ್ಷಗಳ ನಡುವೆ ಅದು ತಲೆದೋರುತ್ತದೆ. ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಮಾಯವಾಗುತ್ತದೆ, ಕೆಲವರಲ್ಲಿ ನಿಲ್ಲುತ್ತದೆ. ಅಂಜಿಕೆ ಅದರ ಮೂಲವಲ್ಲವಾದರೂ ಅದನ್ನು ಬಲಗೊಳಿಸುವುದು ಅಂಜಿಕೆಯೇ. ಹಾಜರಿ ಕೂಗುವಾಗ ತನ್ನ ಸರದಿ ಬರುವ ಮುನ್ನವೇ ಇಂಥ ಮಗುವಿನ ಅಂಗೈ ಬೆವರುತ್ತದೆ. ಉತ್ತರ ಬಲ್ಲ ಹುಡುಗ, ಆ ಶಬ್ದ ನಾಲಗೆಗೆ ಬಾರದೆಂಬ ಭಯದಿಂದ ‘ಗೊತ್ತಿಲ್ಲ’ ಎಂದುಬಿಡುತ್ತಾನೆ. ಕಾಲೇಜಿಗೆ ಬಂದ ಮೇಲೂ ‘ಗೊತ್ತಿಲ್ಲ’ ಎನ್ನುವ ಇಂಥ ಜಾಣರನ್ನು ನಾನು ಕಂಡಿದ್ದೇನೆ. ನಾಲಗೆಯ ತೊಡಕಿಗಿಂತ ಈ ಸುಳ್ಳು ಅವರನ್ನು ಹೆಚ್ಚು ಸವೆಸುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕುಂಟು. ತಾಂಡಾದ ಮಗುವಿನ ಮನೆಮಾತು ಲಂಬಾಣಿ; ಶಹಾಪುರದ ಪೇಟೆಯಲ್ಲಿ ಉರ್ದು, ಗುರುಮಠಕಲ್ಲಿನ ಗಡಿಯತ್ತ ತೆಲುಗು. ಶಾಲೆಯ ಕನ್ನಡ ಕಿವಿಗೆ ಹೊಂದುವವರೆಗೆ ಇಂಥ ಮಗು ಮೌನವಾಗಿರುವುದು ಸಹಜ. ಅದನ್ನು ರೋಗವೆನ್ನುವುದೂ ಸಲ್ಲದು. ನಿಜವಾದ ತೊಂದರೆಯನ್ನು ‘ಕನ್ನಡ ಬಾರದು, ಬಿಡಿ’ ಎಂದು ತಳ್ಳಿಹಾಕುವುದೂ ಸಲ್ಲದು. ಮನೆಯ ನುಡಿಯಲ್ಲಿ ಹೇಗೆ ಮಾತಾಡುತ್ತದೆಂದು ತಾಯಿಯನ್ನು ಕೇಳಿದರೆ ಅರ್ಧ ಸಂಶಯ ಪರಿಹಾರವಾದೀತು. ಆದರೆ ತಾಯಿ ಗುಳೆ ಹೋಗಿದ್ದರೆ ಕೇಳುವುದು ಯಾರನ್ನು?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೇ ಸ್ಥಾಪಿತವಾಯಿತು. ಸುರಪುರದ ಕೂಲಿಯವಳಿಗೆ ಅದು 500 ಕಿಲೋಮೀಟರಿಗೂ ಮಿಕ್ಕಿದ ದೂರ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಭಾಷಾ ಬೆಳವಣಿಗೆಯ ತಪಾಸಣೆ ಸೇರಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ವಾಕ್ ಮತ್ತು ಭಾಷಾ ನ್ಯೂನತೆಯನ್ನು ಹೆಸರಿಸಿ ಗುರುತಿಸಿದೆ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನಡೆಸಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಾಲಗೆಗೊಂದು, ಮನಸ್ಸಿಗೊಂದು ವ್ಯವಸ್ಥೆಯಾಯಿತು. ಆದರೆ ಮಗು ಒಂದೇ ಅಲ್ಲವೆ?

2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಕನ್ನಡದಲ್ಲಿಯೂ ದೊರೆಯುತ್ತದೆ. ಸ್ತುತ್ಯವಾದ ಕೆಲಸ. ಆದರೆ ಉಗ್ಗುವವನಿಗೆ ದೂರವಾಣಿಗಿಂತ ಭಯಂಕರವಾದ ವಸ್ತು ಮತ್ತೊಂದಿಲ್ಲ. ಮುಖ ಕಾಣದ ಕೇಳುಗ, ಕ್ಷಣಕಾಲ ತಡೆದರೂ ‘ಹಲೋ, ಹಲೋ’ ಎಂಬ ಅವಸರ! ಮಾತಾಡಲಾರದ ದುಃಖವನ್ನು ಮಾತಿನಲ್ಲಿಯೇ ತೋಡಿಕೋ ಎಂದಂತೆ. ಇವರಿಗೆ ಬೇಕಾದದ್ದು ಎದುರಿಗೆ ಕುಳಿತು ಕಾಯುವ ಮನುಷ್ಯ. ಬರೆದೋ ಚಿತ್ರ ಬಿಡಿಸಿಯೋ ಹೇಳಲು ಎಡೆ.

ಆದಕಾರಣ ಯಾದಗಿರಿಯ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳಲ್ಲಿ ನನ್ನ ಅರಿಕೆ ಇಷ್ಟೆ: ವಾಕ್‌ಚಿಕಿತ್ಸಕರೂ ಮನೋವೈದ್ಯರೂ ಶಹಾಪುರ, ಸುರಪುರಗಳ ತಾಲೂಕು ಆಸ್ಪತ್ರೆಗಳಲ್ಲಿ ಒಂದೇ ದಿನ, ಒಂದೇ ಕೋಣೆಯಲ್ಲಿ ಕೂಡಲಿ, ಆ ದಿನ ಸಂತೆಯ ದಿನವಾಗಿರಲಿ, ತಾಯಂದಿರ ಕೂಲಿ ಉಳಿದೀತು. ಮಾಸ್ತರರಿಗಾದರೋ ಯಾವ ಆದೇಶವೂ ಬೇಡ. ನಾಳೆಯ ಹಾಜರಿಗೆ ಕೈ ಎತ್ತಿದರೂ ಸಾಕೆಂದು ಇಡೀ ತರಗತಿಗೆ ಹೇಳಿಬಿಡಬಹುದು.